ಮಣ್ಣಿಗೊಬ್ಬ ಒಡೆಯ, ಮರಕ್ಕೊಬ್ಬ ಒಡೆಯ

ಬೆಂಗಳೂರಿನಿಂದ ಪಶ್ಚಿಮಕ್ಕೋ ದಕ್ಷಿಣಕ್ಕೋ ಐವತ್ತು ಅರುವತ್ತು ಕಿಲೋಮೀಟರು ಸಾಗಿದರೆ ಸಾಕು, ಪ್ರಯಾಣಿಕನು ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿ ಯಾವುದಾದರೊಂದು ಊರನ್ನು ಮುಟ್ಟುತ್ತಾನೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆದ ಸೀಮೆಯಿದು. ಈ ನಾಲ್ಕೂ ತಾಲ್ಲೂಕುಗಳ ಮುಖಲಕ್ಷಣ ಹೆಚ್ಚು ಕಡಿಮೆ ಒಂದೇ: ಬೋಳು ಬಂಡೆಯ ಬೆಟ್ಟಗಳು, ತಪ್ಪಲಿನಲ್ಲಿ ಕುರುಚಲು ಕಾಡು, ಅದರ ಕೆಳಗೆ ರಾಗಿಯ ಹೊಲ, ಮಾವಿನ ತೋಪು, ಹಿಪ್ಪುನೇರಳೆಯ ತೋಟ. ನಡುನಡುವೆ ಯಾರೂ ಉಳದೆ ಬಿಟ್ಟ ಜಮೀನಿನಲ್ಲಿ ತಾನಾಗಿ ಬೆಳೆದ ಹೊಂಗೆ, ಬೇವು, ಜಾಲಿ, ಆಲೆಮರಗಳ ಮೆಳೆಗಳು.

ನಗರದ ಗೃಹಸ್ಥನ ಕಣ್ಣು ನೆಡುವುದು ಈ ಮೆಳೆಗಳ ಮೇಲೆಯೇ. ವರ್ಷಗಳ ಉಳಿತಾಯ ಕೈಯಲ್ಲಿದೆ. ಮಕ್ಕಳಿಗೆ ನೆರಳು, ಮುಪ್ಪಿಗೆ ನೆಮ್ಮದಿ, ಮರ ಬಲಿತ ಮೇಲೆ ಒಂದಿಷ್ಟು ಹಣ ಎಂಬ ಆಸೆ ಮನಸ್ಸಿನಲ್ಲಿದೆ. ಹಿಂದೆ ಈ ಆಸೆಗೆ ಕಾಯಿದೆಯೇ ಅಡ್ಡವಾಗಿತ್ತು. 1961ರ ಕರ್ನಾಟಕ ಭೂ ಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ಬೇಸಾಯಗಾರರಲ್ಲದವರು ಕೃಷಿ ಭೂಮಿಯನ್ನು ಕೊಳ್ಳುವುದಕ್ಕೆ ಕಟ್ಟು ಹಾಕಿದ್ದುವು. 2020ರಲ್ಲಿ ಆ ಕಲಮುಗಳನ್ನು ತೆಗೆದುಹಾಕಲಾಯಿತು. ಅಂದಿನಿಂದ ಬಾಗಿಲು ತೆರೆದಿದೆ. ದಲ್ಲಾಳಿಗಳ ಓಡಾಟವೂ ಹೆಚ್ಚಿದೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಗೆ ‘ಕಾಡು ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸಬಹುದಾದ ಕಾಲವಿದು. ಏಕೆಂದರೆ ಮರವಿರುವ ನೆಲವನ್ನು ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಒಂದಲ್ಲ, ಎರಡು. ನೆಲ ಯಾರದು ಎಂಬುದು ಮೊದಲನೆಯದು. ಅದನ್ನು ಎಲ್ಲರೂ ಕೇಳುತ್ತಾರೆ. ಮರ ಯಾರದು ಎಂಬುದು ಎರಡನೆಯದು. ಅದನ್ನು ಕೇಳುವವರು ಕಡಿಮೆ.

ಬೆಟ್ಟದ ನೆರಳಿನಲ್ಲಿ

ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆಯೆಂಬ ಹೆಸರಿತ್ತು. ಇಲ್ಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ; ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆಂದು 2012ರಲ್ಲಿ ಅದನ್ನು ರಣಹದ್ದು ವನ್ಯಧಾಮವೆಂದು ಘೋಷಿಸಲಾಯಿತು. ಊರೊಳಗೆ ಹೆಸರಾಂತ ರೇಷ್ಮೆಗೂಡಿನ ಮಾರುಕಟ್ಟೆಯುಂಟು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಕಸುಬಿಗೆ ಒಲೆ ಬೇಕು, ಒಲೆಗೆ ಸೌದೆ ಬೇಕು. ಆದುದರಿಂದ ಈ ಸೀಮೆಯಲ್ಲಿ ಮರವೆಂಬುದು ಬರಿಯ ನೋಟದ ವಸ್ತುವಾಗಿ ಎಂದೂ ಇರಲಿಲ್ಲ.

ಇಲ್ಲಿ ಕೊಳ್ಳುವವನು ಮೊದಲು ತಿಳಿಯಬೇಕಾದುದು, ಕಣ್ಣಿಗೆ ಕಾಣುವ ಕಾಡೆಲ್ಲ ಮಾರಾಟಕ್ಕೆ ಬರುವ ಕಾಡಲ್ಲವೆಂಬುದು. ಬೆಟ್ಟದ ಕಾಡು ಬಹುಮಟ್ಟಿಗೆ ಸರ್ಕಾರದ್ದು. ಮಾರಲು ಬರುವುದು ಹಿಡುವಳಿ ಜಮೀನು ಮಾತ್ರ. ಹಿಡುವಳಿಯ ಒಳಗೂ ಖರಾಬು ಎಂಬ ಭಾಗವಿರುತ್ತದೆ. ಕಲ್ಲುಬಂಡೆಯ ಕಾರಣ ಉಳುಮೆಗೆ ಬಾರದೆ ಕಂದಾಯವಿಲ್ಲದೆ ಬಿಟ್ಟುದು ‘ಅ’ ಖರಾಬು. ದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟುದು ‘ಬ’ ಖರಾಬು. ಸೊಗಸಾದ ಹಳೆಯ ಮರಗಳು ಬೆಳೆದು ನಿಲ್ಲುವುದು ಅನೇಕ ವೇಳೆ ಹಳ್ಳದ ದಂಡೆಯಲ್ಲಿ, ಎಂದರೆ ‘ಬ’ ಖರಾಬಿನಲ್ಲಿ. ದಲ್ಲಾಳಿ ತೋರಿಸಿದ ಮರ ಕೊಂಡವನ ಪಾಲಿಗೆ ಬರುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದುಂಟು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಮೊಕದ್ದಮೆಯಲ್ಲಿ, ಒಡೆತನ ಯಾರದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲವೂ 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ಒಳಪಡುತ್ತದೆಂದು ಆದೇಶ ಮಾಡಿತು. ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಯಿತಾದರೂ, 2024ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು ಹಳೆಯ ಅರ್ಥವನ್ನೇ ಪಾಲಿಸಬೇಕೆಂದು ಮಧ್ಯಂತರ ಆದೇಶ ನೀಡಿತು. ಕರ್ನಾಟಕವು 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರು ಭೂಮಿಯನ್ನು ಪರಿಭಾವಿತ ಅರಣ್ಯವೆಂದು ಗುರುತಿಸಿತು. ಕೊಳ್ಳಲಿರುವ ಸರ್ವೆ ನಂಬರು ಆ ಪಟ್ಟಿಯಲ್ಲಿ ಇಲ್ಲವೆಂಬುದನ್ನು ಅರಣ್ಯ ಇಲಾಖೆಯಿಂದ ಬರಹದಲ್ಲಿ ತಿಳಿದುಕೊಳ್ಳುವುದು ಮುಂಗಡ ಕೊಡುವುದಕ್ಕೆ ಮುಂಚಿನ ಕೆಲಸ.

ಬೊಂಬೆಯ ಊರಿನ ಪಾಠ

ರಾಮನಗರವನ್ನು ದಾಟಿ ಮೈಸೂರಿನ ಹಾದಿಯಲ್ಲಿ ಮುಂದುವರಿದರೆ ಚನ್ನಪಟ್ಟಣ. ಇಲ್ಲಿನ ಬೊಂಬೆಗಳು ಹುಟ್ಟುವುದು ಆಲೆಮರದಿಂದ. ಇದು ಬಿಳಿಯ, ಹಗುರವಾದ, ನಯವಾದ ಮರ. ಕಡಿದ ಮೇಲೆ ಚೆನ್ನಾಗಿ ಒಣಗಿಸಿ, ಚರಕಿಯ ಮೇಲೆ ತಿರುಗಿಸಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ನಗರದವನ ಕಣ್ಣಿಗೆ ಕಾಡುಗಿಡವಾಗಿ ತೋರುವ ಮರವೇ ಇಲ್ಲಿನ ಕಸುಬುದಾರನಿಗೆ ಅನ್ನ. ಪಾಳುಬಿದ್ದಂತೆ ಕಾಣುವ ಜಮೀನಿನ ಮರಕ್ಕೂ ಗಿರಾಕಿಯುಂಟೆಂಬುದನ್ನು ಈ ಊರು ಕಲಿಸುತ್ತದೆ.

ಗಿರಾಕಿಯಿದ್ದಲ್ಲಿ ಒಪ್ಪಂದವೂ ಇರುತ್ತದೆ. ಮಾವಿನ ತೋಪಿನ ಫಸಲನ್ನು ಹೂವಿರುವಾಗಲೇ ಗುತ್ತಿಗೆದಾರನಿಗೆ ಕೊಡುವುದು ಈ ಕಡೆಯ ವಾಡಿಕೆ. ಹಾಗೆಯೇ ನಿಂತ ಮರವನ್ನೂ ಮುಂಗಡ ಪಡೆದು ಮಾರುವುದುಂಟು. ಇಂಥ ಮಾರಾಟದ ವಿಷಯದಲ್ಲಿ ಕಾಯಿದೆಯ ಒಂದು ಸೂಕ್ಷ್ಮವನ್ನು ಪ್ರತಿಯೊಬ್ಬ ಗೃಹಸ್ಥನೂ ಅರಿತಿರಬೇಕು. 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ 1908ರ ನೋಂದಣಿ ಕಾಯಿದೆಯೂ ಮರವನ್ನು ಸ್ಥಿರಾಸ್ತಿಯ ಭಾಗವೆಂದೇ ಎಣಿಸುತ್ತವೆ. ಆದರೆ ಕಡಿಯುವುದಕ್ಕೆಂದೇ ನಿಂತಿರುವ ಮರವನ್ನು, ಎಂದರೆ ನಿಂತ ದಿಮ್ಮಿಯನ್ನು, ಸ್ಥಿರಾಸ್ತಿಯಿಂದ ಹೊರಗಿಡುತ್ತವೆ. ಅದನ್ನು ಮಾರಲು ನೋಂದಣಿ ಬೇಕಿಲ್ಲ. ನೋಂದಣಿಯಾಗದ ವ್ಯವಹಾರ ಋಣಭಾರ ಪತ್ರದಲ್ಲಿ ಕಾಣಿಸುವುದಿಲ್ಲ. ಆದುದರಿಂದ ಋಣಭಾರ ಪತ್ರ ಶುದ್ಧವಾಗಿದೆಯೆಂದ ಮಾತ್ರಕ್ಕೆ ಮರಗಳ ಮೇಲೆ ಯಾರ ಹಕ್ಕೂ ಇಲ್ಲವೆಂದು ಹೇಳುವಂತಿಲ್ಲ.

ಈ ಭೇದವನ್ನು ಬಿಡಿಸಿ ಹೇಳಿದ ತೀರ್ಪು 1958ರ ಶಾಂತಾಬಾಯಿ ಮೊಕದ್ದಮೆಯದು. ಮಧ್ಯಪ್ರಾಂತದ ಜಮೀನ್ದಾರರೊಬ್ಬರು 1948ರಲ್ಲಿ ತಮ್ಮ ಕಾಡಿನ ಬಿದಿರು, ಸೌದೆ, ತೇಗಗಳನ್ನು 1960ರವರೆಗೆ ಕಡಿದೊಯ್ಯುವ ಹಕ್ಕನ್ನು ಪತ್ನಿಗೆ ಬರೆದುಕೊಟ್ಟರು, ಪತ್ರವನ್ನು ನೋಂದಾಯಿಸಲಿಲ್ಲ. ಮುಂದೆ ಜಮೀನ್ದಾರಿ ರದ್ದಾಗಿ ಕಾಡು ಸರ್ಕಾರದ ವಶವಾಯಿತು. ಆಕೆ ತಮ್ಮ ಹಕ್ಕಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರೂ ಫಲ ದೊರೆಯಲಿಲ್ಲ. ಬೇಗನೆ ಕಡಿಯಲಿರುವ ಮರ ಮಾತ್ರ ದಿಮ್ಮಿ. ವರ್ಷಗಟ್ಟಲೆ ನೆಲದ ಸಾರ ಹೀರಿ ಬೆಳೆಯಲಿರುವುದು ಮರ. ಅದರ ಮೇಲಿನ ಹಕ್ಕು ಸ್ಥಿರಾಸ್ತಿಯ ಹಕ್ಕಾದುದರಿಂದ ಅದಕ್ಕೆ ನೋಂದಣಿ ಬೇಕು ಎಂಬುದು ನ್ಯಾಯಮೂರ್ತಿ ವಿವಿಯನ್ ಬೋಸರು ಮಾಡಿದ ವಿವೇಚನೆಯ ಸಾರ. ಮರದ ಗುತ್ತಿಗೆ ಇರುವ ಜಮೀನನ್ನು ಕೊಳ್ಳುವವನಿಗೂ ಮಾರುವವನಿಗೂ ಈ ವಿವೇಚನೆಯೇ ಇಂದಿಗೂ ಅಳತೆಗೋಲು.

ಮತ್ತೆ ಚಿಗುರುವ ಮರ

ಕನಕಪುರದ ಕಡೆಗೆ ಬಂದರೆ ಈ ಅಳತೆಗೋಲಿನ ಬೆಲೆ ತಿಳಿಯುತ್ತದೆ. ಹಿಂದೆ ಕಾನಕಾನಹಳ್ಳಿಯೆನಿಸಿದ್ದ ಈ ತಾಲ್ಲೂಕಿನ ದಕ್ಷಿಣದಂಚಿನ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಮೇಕೆದಾಟು. ತಾಲ್ಲೂಕಿನ ಒಳನಾಡಿನಲ್ಲಿ ನೀಲಗಿರಿಯ ತೋಪುಗಳನ್ನು ಕಾಣಬಹುದು. ನೀಲಗಿರಿಯ ಸ್ವಭಾವ ವಿಚಿತ್ರ. ಅದನ್ನು ಬುಡಕ್ಕೆ ಕಡಿದರೆ ಸಾಯುವುದಿಲ್ಲ. ಬೊಡ್ಡೆಯಿಂದ ಮತ್ತೆ ಚಿಗುರಿ, ಕೆಲವು ವರ್ಷಗಳಲ್ಲಿ ಇನ್ನೊಂದು ಕಟಾವಿಗೆ ಬರುತ್ತದೆ. ಹೀಗೆ ಒಂದೇ ಬೊಡ್ಡೆ ಎರಡು ಮೂರು ಕಟಾವು ಕೊಡುತ್ತದೆ.

ಜಮೀನಿನ ಒಡೆಯನು ಗುತ್ತಿಗೆದಾರನಿಗೆ ಮಾರಿದ್ದು ಒಂದು ಕಟಾವೋ, ಮುಂದಿನ ಚಿಗುರೂ ಸೇರಿಯೋ? ಒಂದೇ ಕಟಾವಾಗಿ, ಅದೂ ಕೂಡಲೇ ಕಡಿಯತಕ್ಕದ್ದಾಗಿದ್ದರೆ ಅದು ದಿಮ್ಮಿಯ ಮಾರಾಟ. ಇನ್ನೂ ಹುಟ್ಟದ ಚಿಗುರಿನ ಮೇಲೆ ಹತ್ತು ವರ್ಷದ ಹಕ್ಕಾದರೆ, ಶಾಂತಾಬಾಯಿ ತೀರ್ಪಿನಂತೆ ಅದಕ್ಕೆ ನೋಂದಣಿ ಬೇಕು. ಆದರೆ ಹಳ್ಳಿಯ ಒಪ್ಪಂದಗಳು ಛಾಪಾ ಕಾಗದದ ಮೇಲೋ ಬರಿಯ ಬಾಯಿಮಾತಿನಲ್ಲೋ ನಡೆಯುವುದುಂಟು. ಕೊಂಡವನು ಬೇಲಿ ಹಾಕಲು ಹೊರಟ ದಿನ ಗುತ್ತಿಗೆದಾರನ ಲಾರಿ ಬಂದು ನಿಂತರೆ, ಕಾಯಿದೆ ಯಾರ ಪಕ್ಷದಲ್ಲಿದ್ದರೂ ವ್ಯಾಜ್ಯವಂತೂ ಕೊಂಡವನ ಪಾಲಿಗೆ ಬರುತ್ತದೆ. ಇನ್ನು ಆ ತೋಪನ್ನು ಕಡಿದು ಹೊಸದಾಗಿ ನೀಲಗಿರಿಯನ್ನೇ ನೆಡೋಣವೆಂದರೆ, ಅಂತರ್ಜಲವನ್ನು ಹೀರುತ್ತದೆಂಬ ಕಾರಣದಿಂದ ಸರ್ಕಾರವು 2017ರಲ್ಲಿ ಅದರ ನೆಡುವಿಕೆಯನ್ನು ನಿಷೇಧಿಸಿದೆ.

ಕನಕಪುರದಲ್ಲಿ ಮತ್ತೊಬ್ಬ ಹಕ್ಕುದಾರನೂ ಉಂಟು, ಅವನು ಆನೆ. ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನಕ್ಕೂ 1987ರಲ್ಲಿ ಸ್ಥಾಪಿತವಾದ ಕಾವೇರಿ ವನ್ಯಧಾಮಕ್ಕೂ ನಡುವೆ ಆನೆಗಳು ಓಡಾಡುವ ಸೀಮೆಯಿದು. ಬನ್ನೇರುಘಟ್ಟದ ಸುತ್ತ 2020ರಲ್ಲಿ 168.84 ಚದರ ಕಿಲೋಮೀಟರು ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಲಾಯಿತು. ಇಂಥ ವಲಯದಲ್ಲಿ ಖಾಸಗಿ ಜಮೀನಿನ ಮರವನ್ನು ಕಡಿಯುವುದಕ್ಕೂ ಮೊದಲೇ ಅನುಮತಿ ಬೇಕು. ಇದಲ್ಲದೆ, ಕಾಡಂಚಿನ ಜಮೀನು ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಅಸಿಂಧು. ಅದು ಮೂಲ ಮಂಜೂರಾತಿದಾರನ ಕುಟುಂಬಕ್ಕೆ ಮರಳಬೇಕಾದ ಭೂಮಿ. ಬಡವನ ಕೈಗೆ ಬಂದ ನೆಲ ಅಗ್ಗಕ್ಕೆ ಜಾರಿಹೋಗದಿರಲೆಂದು ಮಾಡಿದ ಈ ಕಟ್ಟಳೆಯನ್ನು ಉಪಾಯದಿಂದ ದಾಟಲು ಹೋದವನು ಹಣವನ್ನೂ ಕಳೆದುಕೊಳ್ಳುತ್ತಾನೆ, ಹೆಸರನ್ನೂ ಕಳೆದುಕೊಳ್ಳುತ್ತಾನೆ.

ಶ್ರೀಗಂಧದ ನೆಲ

ಕೆಂಪೇಗೌಡರ ಮಾಗಡಿ, ಸಾವನದುರ್ಗದ ಹೆಬ್ಬಂಡೆಯ ನೆರೆಯ ಊರು. ಈ ಕಡೆಯ ಬೇಲಿಸಾಲಿನಲ್ಲಿ ಹಕ್ಕಿ ಬಿತ್ತಿದ ಶ್ರೀಗಂಧದ ಗಿಡ ಕಾಣಿಸಿದರೆ ಕೊಳ್ಳುವವನು ಹಿಗ್ಗುತ್ತಾನೆ. ಮೈಸೂರು ಸೀಮೆಯಲ್ಲಿ ಗಂಧದ ಮರ ಟಿಪ್ಪುವಿನ ಕಾಲದಿಂದಲೂ ರಾಜವೃಕ್ಷ. ಯಾರ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ್ದೇ ಆಗಿತ್ತು. ಕಾಯುವ ಹೊಣೆ ಮಾತ್ರ ರೈತನದು. 2001ರ ತಿದ್ದುಪಡಿಯಿಂದ ತನ್ನ ನೆಲದ ಗಂಧಕ್ಕೆ ರೈತನೇ ಒಡೆಯನಾದನು. ಆದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದಕ್ಕೆ ಕೊಡಲಿ ಹಾಕುವಂತಿಲ್ಲ.

ಉಳಿದ ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯುಂಟು. ಸ್ವಂತ ಜಮೀನಿನ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಕಡಿದುದಕ್ಕೆ ಬದಲಾಗಿ ಗಿಡ ನೆಡಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವಕ್ಕೆ ವಿನಾಯಿತಿಯಿದೆ. ಕಡಿಯಲು ಅಪ್ಪಣೆ ದೊರೆತ ಮರವನ್ನು ಸಾಗಿಸಲು ಮತ್ತೆ ರಹದಾರಿ ಬೇಕಾಗುವುದುಂಟು. ಆದುದರಿಂದ ಮಾರುವವನು ‘ಕಟಾವಿನ ಹಕ್ಕು ಸಮೇತ’ ಎಂದು ಹೇಳಿದರೆ ಆ ಮಾತಿನ ಅರ್ಥ, ಅಪ್ಪಣೆ ಕೇಳುವ ಹಕ್ಕು ಎಂದಷ್ಟೇ.

ಹೀಗಿರುವಾಗ ಗೃಹಸ್ಥನು ಮಾಡಬೇಕಾದುದೇನು? ಮೊದಲು ಜಮೀನನ್ನು ಹಗಲಿನಲ್ಲಿ ಕಾಲ್ನಡಿಗೆಯಿಂದ ಸುತ್ತಿ ನೋಡಬೇಕು. ಹೊಸದಾಗಿ ಕಡಿದ ಬೊಡ್ಡೆಗಳಿವೆಯೇ, ಕಾಂಡಗಳ ಮೇಲೆ ಬಣ್ಣದ ಗುರುತೋ ಅಂಕಿಯೋ ಇದೆಯೇ ಎಂಬುದನ್ನು ಗಮನಿಸಬೇಕು. ಪಹಣಿಯಲ್ಲಿ ಮರಗಳಿಗೆಂದೇ ಒಂದು ಕಾಲಮ್ಮಿದೆ, ಹಕ್ಕು ಮತ್ತು ಋಣಗಳಿಗೆ ಇನ್ನೊಂದಿದೆ, ಎರಡನ್ನೂ ಓದಬೇಕು. ಆದರೆ ಅಲ್ಲಿ ಬರೆಯದೆ ಬಿಟ್ಟುದು ನೆಲದ ಮೇಲೆ ಇರಬಹುದಾದುದರಿಂದ, ನೆರೆಯ ಹೊಲದವರನ್ನೂ ಊರಿನ ಹಿರಿಯರನ್ನೂ ವಿಚಾರಿಸಬೇಕು. ಕ್ರಯಪತ್ರದಲ್ಲಿ ಮರಗಳ ಜಾತಿಯನ್ನೂ ಸಂಖ್ಯೆಯನ್ನೂ ಬರೆಸಿ, ಅವುಗಳ ಮೇಲೆ ಯಾವ ಗುತ್ತಿಗೆಯೂ ಇಲ್ಲವೆಂದೂ, ಇದ್ದುದು ಕಂಡುಬಂದರೆ ನಷ್ಟವನ್ನು ಮಾರಿದವನೇ ತುಂಬಿಕೊಡತಕ್ಕದ್ದೆಂದೂ ಸೇರಿಸಬೇಕು. ಗುತ್ತಿಗೆ ಇರುವುದು ನಿಜವಾದರೆ ಗುತ್ತಿಗೆದಾರನನ್ನೂ ಕೂಡಿಸಿಕೊಂಡು, ಎಷ್ಟು ಮರ, ಯಾವ ತಾರೀಖಿನೊಳಗೆ, ಯಾವ ದಾರಿಯಿಂದ ಸಾಗಿಸಬೇಕು ಎಂಬುದನ್ನು ಬರೆದು, ಬೆಲೆಯಲ್ಲಿ ಅಷ್ಟನ್ನು ಇಳಿಸಿಕೊಳ್ಳುವುದೇ ಮರ್ಯಾದೆಯ ದಾರಿ.

ಮಾಗಡಿ ತಾಲ್ಲೂಕಿನಲ್ಲೇ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯೊಂದುಂಟು. ಅದರ ಇಕ್ಕೆಲಗಳಲ್ಲಿ ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ನೆಟ್ಟು, ನೀರು ಹೊತ್ತು ಬೆಳೆಸಿದ ಆಲದ ಮರಗಳಿವೆ. 385 ಎಂಬುದು ಪ್ರಸಿದ್ಧವಾದ ಲೆಕ್ಕ. ಆ ರಸ್ತೆ ಅವರದಲ್ಲ, ಮರವನ್ನು ಕಡಿದು ಮಾರುವ ಹಕ್ಕೂ ಅವರಿಗಿರಲಿಲ್ಲ. 2019ರಲ್ಲಿ ರಾಷ್ಟ್ರವು ತಿಮ್ಮಕ್ಕನವರಿಗೆ ಪದ್ಮಶ್ರೀಯನ್ನಿತ್ತು ಗೌರವಿಸಿತು. ಜಮೀನು ನೋಡಲು ಮಾಗಡಿಯ ಹಾದಿ ಹಿಡಿದ ಕುಟುಂಬವು ಕುದೂರಿನ ರಸ್ತೆಗೂ ಒಮ್ಮೆ ತಿರುಗಿ, ಆ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತು, ತಮಗೆ ಬೇಕಾಗಿರುವುದು ದಿಮ್ಮಿಯೋ ಮರವೋ ಎಂದು ಯೋಚಿಸಿದರೆ, ಮುಂಗಡದ ಹಣವನ್ನು ಎಣಿಸಿ ಕೊಡುವುದೋ ಬಿಡುವುದೋ ಎಂಬುದು ಅಲ್ಲಿಯೇ ತೀರ್ಮಾನವಾದೀತು.