ಅಪ್ಪನ ಪರ್ಮಿಟ್ಟು ಮತ್ತು ನನ್ನ ಲೆಕ್ಕ

ನಮ್ಮ ತಂದೆಯವರು ಮಂಗಳೂರಿನಲ್ಲಿ ರಿಕ್ಷಾ ಓಡಿಸುತ್ತಾರೆ. ಕಂಕನಾಡಿಯ ರಿಕ್ಷಾ ಪಾರ್ಕಿನಲ್ಲಿ 22 ವರ್ಷಗಳಿಂದ ಸರದಿಗೆ ನಿಂತವರು. ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಮೂರು ಚಕ್ರಗಳ ಕೃಪೆಯಿಂದಲೇ ಎಂದರೆ ಅತಿಶಯೋಕ್ತಿಯಾಗದು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ.

ಕಳೆದ ಮಳೆಗಾಲದಲ್ಲಿ ಅವರ ರಿಕ್ಷಾದ ಎಂಜಿನ್ ಮುಷ್ಕರ ಹೂಡಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಕಾಗದ ಹಿಡಿದು ಕುಳಿತು, ಇನ್ನು ವಿದ್ಯುತ್ ರಿಕ್ಷಾವನ್ನೇ ಕೊಳ್ಳತಕ್ಕದ್ದೆಂದು ಸಾಧಿಸಿದೆ. ಬೆಲೆಯೇನೋ ಹೆಚ್ಚು, ಆದರೆ ಪೆಟ್ರೋಲಿನ ಹಣ ಉಳಿದರೆ ಸಾಲದ ಕಂತು ತಾನಾಗಿ ತೀರುವುದಲ್ಲವೇ?

ಅಷ್ಟಕ್ಕೇ ನಿಲ್ಲದೆ ದೇಶದ ಕಥೆಯನ್ನೂ ಹೇಳಿದೆ. 2001ರಲ್ಲಿ ಬೆಂಗಳೂರಿನ ಚೇತನ್ ಮೈನಿಯವರು ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ಬೀದಿಗಿಳಿಸಿದರು. ಅದು ಲಂಡನ್ನಿನಲ್ಲಿ ಹೆಸರು ಮಾಡಿತಾದರೂ ಸ್ವದೇಶದಲ್ಲಿ ಕೊಂಡವರು ಕೆಲವರೇ. 2010ರಲ್ಲಿ ಮಹೀಂದ್ರ ಸಂಸ್ಥೆಯವರು ಅದರ ಬಹುಪಾಲನ್ನು ಕೊಂಡರು. ಅವರ ವಿದ್ಯುತ್ ವಾಹನ ಶಾಖೆಯೇ 2018ರಲ್ಲಿ ‘ಟ್ರಿಯೋ’ ಎಂಬ ಲಿಥಿಯಂ ಬ್ಯಾಟರಿಯ ರಿಕ್ಷಾವನ್ನು ಹೊರತಂದಿತು. ಇದಕ್ಕೆ ಮುಂಚೆ, 2017ರಲ್ಲಿ, ವಿದ್ಯುತ್ ವಾಹನಗಳಿಗಾಗಿ ನೀತಿಯೊಂದನ್ನು ರೂಪಿಸಿ ಕರ್ನಾಟಕವು ರಾಜ್ಯಗಳಲ್ಲೆಲ್ಲ ಮೊದಲನೆಯದಾಯಿತು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಬ್ಯಾಟರಿಯಿಂದ ಓಡುವ ಬಾಡಿಗೆ ವಾಹನಗಳಿಗೆ ಪರ್ಮಿಟ್ಟಿನಿಂದ ವಿನಾಯಿತಿ ಕೊಟ್ಟಿತು.

“ಪರ್ಮಿಟ್ಟೇ ಬೇಡ, ಅಪ್ಪಾ!” ಎಂದು ಗೆದ್ದವನಂತೆ ಮುಗಿಸಿದೆ.

ಅಪ್ಪ ನಕ್ಕರು. “ಲೆಕ್ಕ ಸರಿ ಉಂಟು ಮಗಾ. ಹಾಗಾದರೆ ನನ್ನ ಪರ್ಮಿಟ್ಟಿಗೆ ಇನ್ನು ಏನು ಬೆಲೆ?”

ನಾನು ನಿರುತ್ತರನಾದೆ. ಸ್ವಂತ ರಿಕ್ಷಾ ಮತ್ತು ಪರ್ಮಿಟ್ಟಿಗಾಗಿ ಅವರು ಏಳು ವರ್ಷ ಪರರ ರಿಕ್ಷಾ ಓಡಿಸಿದ್ದರು. ಅಮ್ಮನ ಬಳೆಗಳು ಅಡವಿಗೆ ಹೋಗಿದ್ದವು. ಗದ್ದೆಯಿಲ್ಲದ ನಮಗೆ ಆ ಕಾಗದವೇ ಗದ್ದೆ. ನನ್ನ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮರುದಿನ ಸಂಜೆ ಅಪ್ಪ ನನ್ನನ್ನು ಪರಿಚಿತ ಹುಡುಗನೊಬ್ಬನ ವಿದ್ಯುತ್ ರಿಕ್ಷಾದಲ್ಲಿ ಕೂರಿಸಿಕೊಂಡು ಕದ್ರಿಯ ಕಡೆಗೆ ಹೊರಟರು. ಹೋಟೆಲಿನ ಕೆಲಸ ಕಳೆದುಕೊಂಡಿದ್ದ ಅವನು, ಪರ್ಮಿಟ್ ಬೇಡವಾದ್ದರಿಂದಲೇ ಈ ವೃತ್ತಿಗೆ ಬಂದಿದ್ದ. ಪಾರ್ಕಿನಲ್ಲಿ ಹಳಬರು ಅವನನ್ನು ಮಾತನಾಡಿಸುತ್ತಿರಲಿಲ್ಲ. ರಿಕ್ಷಾ ಸದ್ದಿಲ್ಲದೆ ಏರು ಹತ್ತಿತು. ಇಳಿದಾಗ ಅವನು ಬೇಡವೆಂದರೂ ಕೇಳದೆ ಅಪ್ಪ ಬಾಡಿಗೆ ಕೊಟ್ಟರು.

“ಏರಿನಲ್ಲಿ ಒಳ್ಳೆ ಎಳೀತದೆ,” ಎಂದರು ಮನೆಯ ದಾರಿಯಲ್ಲಿ. “ಅವನಿಗೂ ಹೊಟ್ಟೆ ಉಂಟಲ್ಲ, ಮಗಾ. ಆದರೆ ಬ್ಯಾಟರಿ ಹೋದರೆ ಹೊಸತಕ್ಕೆ ದುಡ್ಡು ಎಲ್ಲಿಂದ? ಎರಡು ಮಳೆಗಾಲ ನೋಡುವ.” ಹಳೆಯ ಎಂಜಿನ್ನಿಗೆ ರಿಪೇರಿಯಾಯಿತು.

ವಾರ್ಷಿಕ ಪರೀಕ್ಷೆಯಲ್ಲಿ ಈ ಉದ್ಯಮದ ಬೆಳವಣಿಗೆಯನ್ನು ಕುರಿತು ಪ್ರಶ್ನೆ ಬಂದರೆ, ಇಸವಿಗಳನ್ನೆಲ್ಲ ತಪ್ಪಿಲ್ಲದೆ ಬರೆದು ಅಂಕ ಗಳಿಸಿಯೇನು. ಅಪ್ಪನ ಪ್ರಶ್ನೆಗೆ ಉತ್ತರ ಬರೆಯಬೇಕಾದರೆ ಮಾತ್ರ ನಾನು ಇನ್ನೂ ಓದಬೇಕು.