ಬೆಕ್ಕಿನ ಮನೆಯ ವಾಸನೆ ಹೇಳಿದ ಮಾತು

ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ಬೆಂಗಳೂರಿಗೆ ಬಂದ ಅಮ್ಮ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಮೂಗಿಗೆ ಸೆರಗು ಹಿಡಿದಳು. "ಎಂತ ಮಾರಾಯ್ತಿ ಇದು, ಈ ನಮೂನೆ ನಾತ?"

ನನಗೆ ನಿಜಕ್ಕೂ ಏನೂ ಗೊತ್ತಾಗ್ತಿರಲಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಸಾಕು, ಮೂಗು ಅದನ್ನು ಲೆಕ್ಕಕ್ಕೆ ತಗೊಳ್ಳೋದನ್ನೇ ಬಿಟ್ಟುಬಿಡುತ್ತದೆ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ನನ್ನ ಮೂಗಂತೂ ಯಾವತ್ತೋ ರಾಜೀನಾಮೆ ಕೊಟ್ಟಿತ್ತು.

ನನ್ನ ಹತ್ರ ಎರಡು ಬೆಕ್ಕುಗಳಿವೆ. ಸುಬ್ಬ ಮತ್ತು ಚಿನ್ನಿ. ಅದಕ್ಕೆ ಎರಡು ವಾರ ಮೊದಲಿಂದ ಸುಬ್ಬ ಟ್ರೇ ಬಿಟ್ಟು ಸೋಫಾ ಮೇಲೆ ಉಚ್ಚೆ ಹೊಯ್ಯೋಕೆ ಶುರು ಮಾಡಿದ್ದ. ನಾನು ಬೈದೆ, ಸೋಪು ಹಾಕಿ ಉಜ್ಜಿದೆ, ನೆಲಕ್ಕೆ ಫಿನಾಯಿಲ್ ಹಾಕಿದೆ, ಲ್ಯಾವೆಂಡರ್ ಸ್ಪ್ರೇ ಹೊಡೆದೆ. ಆಫೀಸಲ್ಲಿ ಯಾರಾದರೂ ಎರರ್ ಮೆಸೇಜನ್ನೇ ಅಳಿಸಿ "ಬಗ್ ಫಿಕ್ಸ್ ಆಯ್ತು" ಅಂದರೆ ನಗ್ತೀನಿ. ಮನೆಯಲ್ಲಿ ನಾನು ಮಾಡಿದ್ದೂ ಅದೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತಾರೆ. ಇಲ್ಲಿ ಮೂಗು ಮುಚ್ಚಿಕೊಂಡವಳು ನಾನು.

ಅವತ್ತು ಸಂಜೆ ಅಮ್ಮ ಬೀನ್ಸ್ ಬಿಡಿಸುತ್ತಾ ಕೂತಿದ್ದಳು. "ಇವ ಆವಾಗಿಂದ ಐದು ಸಲ ಟ್ರೇಗೆ ಹೋಗಿ ಕೂತ. ಒಂದು ಹನಿ ಬಿದ್ದಿಲ್ಲ, ನೋಡು" ಅಂದಳು. ಸುಬ್ಬ ಬೆನ್ನು ಬಗ್ಗಿಸಿ, ತಿಣುಕಿ, ಸಣ್ಣಗೆ ಕೂಗ್ತಿದ್ದ. ನಾಳೆ ಮೀಟಿಂಗ್ ಮುಗಿಸಿ ಡಾಕ್ಟರ ಹತ್ರ ಹೋಗೋಣ ಅಂದೆ. "ಕೊಟ್ಟಿಗೇಲಿ ದನಕ್ಕೆ ಹೀಗಾದ್ರೆ ಬೆಳಗಾಗ್ಲಿ ಅಂತ ಕಾಯ್ತೀವಾ? ಏಳು" ಅಂದಳು.

ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದರು. ಮೂತ್ರಕೋಶ ಕಲ್ಲಿನ ಹಾಗಾಗಿತ್ತು. ಗಂಡು ಬೆಕ್ಕಿನ ಮೂತ್ರನಾಳ ತುಂಬ ಸಣ್ಣದು. ಹರಳು, ಲೋಳೆ ಸೇರಿ ಅದು ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದಂತೆ. ನಳಿಗೆ ಹಾಕಿದರು, ಮೂರು ದಿನ ಅಲ್ಲೇ ಇಟ್ಟುಕೊಂಡರು. "ಟ್ರೇನಲ್ಲಿ ಕೂತಾಗೆಲ್ಲ ಉರಿ ಆದರೆ ಬೆಕ್ಕಿಗೆ ಟ್ರೇಯದ್ದೇ ತಪ್ಪು ಅನ್ನಿಸುತ್ತೆ. ಅದಕ್ಕೇ ಮೆತ್ತಗಿನ ಜಾಗ ಹುಡುಕುತ್ತೆ" ಅಂದರು ಡಾಕ್ಟರ್. ಎರಡು ವಾರ ಅವನು ಹೇಳುತ್ತಲೇ ಇದ್ದ. ನಾನು ಅದರ ಮೇಲೆ ಲ್ಯಾವೆಂಡರ್ ಹೊಡೀತಿದ್ದೆ.

ಸುಬ್ಬ ಮನೆಗೆ ಬಂದ. ಒಣ ಕಾಳಿನ ಜೊತೆ ನೀರಿನಂಶ ಹೆಚ್ಚಿರುವ ಊಟ, ಮನೆಯ ಮೂರು ಕಡೆ ನೀರಿನ ಬಟ್ಟಲು ಬಂದವು. ಕ್ಲೀನಿಂಗ್ ರೀತಿಯನ್ನೂ ಬುಡದಿಂದ ಬದಲಿಸಿದೆ.

ಬೆಕ್ಕುಗಳು ಎಷ್ಟೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಬೇಕು. ನಮ್ಮಲ್ಲಿ ಈಗ ಮೂರಿವೆ, ಒಂದೂ ವಾಷಿಂಗ್ ಮೆಷಿನ್ ಪಕ್ಕ ಇಲ್ಲ. ಗಂಟು ಕಟ್ಟುವ ಬೆಂಟೊನೈಟ್ ಮಣ್ಣು ಎರಡು-ಮೂರು ಅಂಗುಲ ಹಾಕಿ, ಬೆಳಗ್ಗೆ ಕಾಫಿಗೆ ಮೊದಲು ಒಮ್ಮೆ, ಮಲಗುವ ಮುಂಚೆ ಒಮ್ಮೆ ಬಾಚಿ ತೆಗೀತೀನಿ. ಈ ಒಂದು ಅಭ್ಯಾಸದಿಂದಲೇ ಮುಕ್ಕಾಲು ವಾಸನೆ ಹೋಯ್ತು. ಬಾಚುವಾಗ ಗಂಟುಗಳನ್ನು ಲೆಕ್ಕ ಹಾಕ್ತೀನಿ. ಕಡಿಮೆಯಾದರೆ ಡಾಕ್ಟರಿಗೆ ಫೋನ್.

ಹಳೇ ಕಲೆಗೆ ಎನ್‌ಜೈಮ್ ಕ್ಲೀನರೇ ಬೇಕು. ಉಚ್ಚೆಯಲ್ಲಿರುವ ಯೂರಿಕ್ ಆಸಿಡ್ ಹರಳು ಸೋಪು-ನೀರಿಗೆ ಸರಿಯಾಗಿ ಕರಗಲ್ಲ. ಮಳೆಗಾಲದ ಥಂಡಿಗೆ ಮತ್ತೆ ಘಮ್ಮಂತ ಏಳುತ್ತದೆ. ಬ್ಲೀಚ್ ಅಂತೂ ಬೇಡವೇ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ಫಿನಾಯಿಲನ್ನೂ ಮನೆಯಿಂದ ಆಚೆ ಹಾಕಿದೆ. ಅದರಂಥ ದ್ರಾವಣಗಳಲ್ಲಿರುವ ಫೀನಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ತುಂಬ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಅದೇ ಪಾದ ನೆಕ್ಕುವ ಪ್ರಾಣಿ ಅದು. ಡಿಫ್ಯೂಸರ್ ಎಣ್ಣೆಗಳೂ ಅದಕ್ಕೆ ಒಳ್ಳೇದಲ್ಲ. ಅದರ ಬದಲು ಜಾಲರಿ ಹಾಕಿದ ಕಿಟಕಿ ತೆಗೆದಿಡ್ತೀನಿ, ಸೋಫಾ ಕವರನ್ನು ಬಿಸಿಲಿಗೆ ಹಾಕ್ತೀನಿ.

ನಿಮ್ಮ ಬೆಕ್ಕೂ ಇದ್ದಕ್ಕಿದ್ದ ಹಾಗೆ ಟ್ರೇ ಬಿಟ್ಟರೆ, ದಯವಿಟ್ಟು ಸ್ಪ್ರೇ ಹುಡುಕೋ ಮೊದಲು ಬೆಕ್ಕನ್ನು ನೋಡಿ.

ಹೋದ ತಿಂಗಳು ಅಮ್ಮ ಮತ್ತೆ ಬಂದಿದ್ದಳು. ಬಾಗಿಲಲ್ಲೇ ಅವಳ ಮುಖ ನೋಡಿದೆ. ಸೆರಗು ಮೇಲೇಳಲಿಲ್ಲ.

"ಈಗ ವಾಸನೆ ಇಲ್ಲ ಅಲ್ವಾಮ್ಮ?"

"ಬೆಕ್ಕಿನ ವಾಸನೆ ಉಂಟು. ನಾತ ಇಲ್ಲ" ಅಂದಳು, ಕಾಲಿಗೆ ಉಜ್ಜುತ್ತಿದ್ದ ಸುಬ್ಬನನ್ನು ಎತ್ತಿಕೊಳ್ಳುತ್ತಾ.