ಅಂಟಿನ ಡಬ್ಬಿ

ಯಾದಗಿರಿಗೆ ಹೊರಟ ನನ್ನ ಮೊದಲ ಫಾಂಡಂಟ್ ಕೇಕಿನ ಅಕ್ಷರಗಳು ಭೀಮಾ ನದಿಯ ಸೇತುವೆ ದಾಟುವ ಮೊದಲೇ ಜಾರಿದ್ದವು. ಮೇ ತಿಂಗಳು, ಮಧ್ಯಾಹ್ನ ಹನ್ನೆರಡರ ಹೊತ್ತು. ಶಹಾಪುರದಿಂದ ಕೇಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದೆ. ಮನೆ ಮುಟ್ಟಿ ಮುಚ್ಚಳ ತೆಗೆದಾಗ ಮಗುವಿನ ಹೆಸರಿನ ಮೊದಲ ಅಕ್ಷರ ತಳದ ಹಲಗೆಯ ಮೇಲೆ ಬಿದ್ದಿತ್ತು. ಎರಡು ನಕ್ಷತ್ರ ಡಬ್ಬಿಯ ಗೋಡೆಗೆ ಅಂಟಿದ್ದವು. ಕರಡಿ ಮರಿ ಮಕಾಡೆ ಮಲಗಿತ್ತು. ಆ ತಾಯಿ ಬಯ್ಯಲಿಲ್ಲ. "ಇರ್ಲಿ ಬಿಡ್ರಿ, ತಿನ್ನೋದ ಅಲ್ಲ" ಅಂದರು. ಬಯ್ದಿದ್ದರೆ ಚೆನ್ನಾಗಿತ್ತು. ಅರ್ಧ ದುಡ್ಡು ನಾನಾಗಿಯೇ ಬಿಟ್ಟು ಬಂದೆ.

ತಪ್ಪು ರಸ್ತೆಯದಲ್ಲ, ನನ್ನದೇ. ಫಾಂಡಂಟ್ ಅಂದರೆ ಸಕ್ಕರೆ ಪುಡಿಯನ್ನು ಗ್ಲೂಕೋಸ್ ಪಾಕ, ಗ್ಲಿಸರಿನ್ ಹಾಕಿ ನಾದಿದ ಕಣಕ. ಕೆಲವರು ಜೆಲಾಟಿನ್ ಹಾಕುತ್ತಾರೆ. ಅದು ಪ್ರಾಣಿಯ ಮೂಳೆ, ಚರ್ಮದಿಂದ ಬರುವುದರಿಂದ ನಾನು ಹಸಿರು ಚುಕ್ಕಿ ನೋಡಿಯೇ ಕೊಳ್ಳುತ್ತೇನೆ. ಈ ಕಣಕಕ್ಕೆ ನೀರು ತಾಗಿದರೆ ಮೇಲಿನ ಸಕ್ಕರೆ ಕರಗಿ ಜಿಗುಟಾಗುತ್ತದೆ. ಒಂದು ಚೂರು ನೀರು ಅಂಟಿಸುತ್ತದೆ, ಎರಡು ಚೂರು ನೀರು ಜಾರಿಸುತ್ತದೆ. ನಾನು ಗಟ್ಟಿಯಾಗಿ ಹಿಡಿಯಲಿ ಅಂತ ಧಾರಾಳವಾಗಿ ನೀರು ಸವರಿದ್ದೆ. ಸಾಲದ್ದಕ್ಕೆ ಫ್ರಿಜ್ಜಿನಿಂದ ತೆಗೆದ ಕೇಕನ್ನು ನೇರ ಬಿಸಿಲಿಗೆ ಒಯ್ದಿದ್ದೆ. ತಣ್ಣಗಿನ ಫಾಂಡಂಟ್ ಬಿಸಿ ಗಾಳಿಗೆ ಬೆವರಿತು. ಬೆವರಿದ ಮೇಲೆ ಯಾವ ಅಕ್ಷರ ನಿಲ್ಲುತ್ತದೆ?

ಇದಕ್ಕೆ ತಿನ್ನುವ ಅಂಟು ಬೇಕು ಅಂತ ಆಮೇಲೆ ಗೊತ್ತಾಯಿತು. ಪೇಟೆಯಲ್ಲಿ ಟೈಲೋಸ್ ಅಥವಾ ಸಿಎಂಸಿ ಅನ್ನುವ ಬಿಳಿ ಪುಡಿ ಸಿಗುತ್ತದೆ. ಕಾಲು ಟೀ ಚಮಚ ಪುಡಿಗೆ ಎರಡು ದೊಡ್ಡ ಚಮಚ ಕಾಯಿಸಿ ಆರಿಸಿದ ನೀರು ಹಾಕಿ ಕದಡಿ ಇಟ್ಟರೆ ಸಾಕು. ಮೊದಲು ಗಂಟು ಗಂಟಾಗಿ ಕಾಣುತ್ತದೆ. ಗಾಬರಿಯಾಗಬಾರದು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಗಂಟೆಲ್ಲ ಕರಗಿ ತಿಳಿಯಾದ ಲೋಳೆಯಾಗುತ್ತದೆ. ಆದರೆ ಈ ಪುಡಿ ಶಹಾಪುರದ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಮೊಬೈಲಿನಲ್ಲಿ ತರಿಸಿದೆ. ಅದು ಮಂಗಳವಾರ ಬರುತ್ತದೆ ಅಂತ ತೋರಿಸಿತು. ಅಷ್ಟರಲ್ಲಿ ಯಾದಗಿರಿಯ ಅದೇ ತಾಯಿಯ ತಂಗಿ ಫೋನು ಮಾಡಿದರು. ಮಗಳ ಮೊದಲ ಹುಟ್ಟುಹಬ್ಬ, ಭಾನುವಾರ. ಕೇಕಿನ ಮೇಲೆ ಮಲಗಿದ ಕೂಸು ಬೇಕು. ನನ್ನ ಬಿದ್ದ ಕರಡಿಯನ್ನು ನೋಡಿಯೂ ಅವರು ಕರೆದಿದ್ದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಶುಕ್ರವಾರ ಸುರಪುರಕ್ಕೆ ಅವ್ವನಿಗೆ ಫೋನು ಮಾಡಿದೆ. "ಅವ್ವಾ, ಮನ್ಯಾಗ ಅಂಟು ಅದನ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅದ," ಅಂದಳು. ಮತ್ತೆ, "ಅದೇ ಅದ. ನಾಳಿ ತರ್ತೀನಿ ತಗೋ."

ಅದೇ ಅಂದರೆ ಯಾವುದು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

ಮೂರು ವರ್ಷದ ಹಿಂದೆ ಕುಬಸ ಮುಗಿಸಿ ತವರಿಗೆ ಹೋಗಿದ್ದೆ. ನಾನು ಹೋದ ವಾರವೇ ಅವ್ವ ಸುರಪುರದ ಪೇಟೆಯಿಂದ ಅರ್ಧ ಕಿಲೋ ಅಂಟು ತಂದು, ಆರಿಸಿ, ಒಂದು ದಿನ ಬಿಸಿಲಿಗೆ ಹಾಕಿ, ಸ್ಟೀಲಿನ ಡಬ್ಬಿಯಲ್ಲಿ ತುಂಬಿಟ್ಟಳು. ಕೊಬ್ಬರಿ, ಉತ್ತತ್ತಿ, ಗಸಗಸಿ, ಬೆಲ್ಲ ಆಮೇಲೆ ತಂದರಾಯಿತು, ಒಳ್ಳೆಯ ಅಂಟು ಮಾತ್ರ ಸಿಕ್ಕಾಗಲೇ ತರಬೇಕು ಅನ್ನುವುದು ಅವಳ ಲೆಕ್ಕ. ನಮ್ಮ ಕಡೆ ಬಾಣಂತಿಗೆ ಅಂಟಿನುಂಡಿ ತಿನ್ನಿಸದೆ ಬಾಣಂತನ ಮುಗಿಯುವುದಿಲ್ಲ. ಸೊಂಟ ಗಟ್ಟಿಯಾಗುತ್ತದೆ, ಹಾಲು ಇಳಿಯುತ್ತದೆ ಅನ್ನುತ್ತಾರೆ.

ಎಂಟನೇ ತಿಂಗಳಲ್ಲಿ, ಹೊಟ್ಟೆಯೊಳಗೇ ಉಸಿರು ನಿಂತ ಮಗುವನ್ನು ಹೆತ್ತು ಮನೆಗೆ ಬಂದೆ. ಎಲ್ಲರೂ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಬಿಸಿ ಅನ್ನ, ಬೆಳ್ಳುಳ್ಳಿ ಸಾರು, ಬಿಸಿ ನೀರು, ಎಲ್ಲ ಸಿಕ್ಕಿತು. ಅಂಟಿನುಂಡಿ ಮಾತ್ರ ಯಾರೂ ಮಾಡಲಿಲ್ಲ. ಅದು ಕೂಸಿರುವ ಮನೆಯ ತಿನಿಸು. ಮೂರನೆಯ ದಿನ ನನಗೆ ಹಾಲು ಬಂತು. ಮೈಗೆ ಮಗು ಇಲ್ಲ ಅನ್ನುವುದು ಗೊತ್ತಿರಲಿಲ್ಲ. ಮನೆಗೆ ಮಾತ್ರ ಗೊತ್ತಿತ್ತು. ನಾನು ಬಾಣಂತಿಯೋ ಅಲ್ಲವೋ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಬ್ಬಿ ಮೇಲಿನ ಹಲಗೆಯಲ್ಲಿ ಉಳಿಯಿತು. ಹಬ್ಬಕ್ಕೆ ಪಾತ್ರೆ ಇಳಿಸಿ ತೊಳೆಯುವಾಗಲೂ ಅವ್ವ ಅದನ್ನು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದಳು.

ಶನಿವಾರ ಬೆಳಗಿನ ಬಸ್ಸಿಗೆ ಅವ್ವ ಬಂದಳು. ಡಬ್ಬಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದಳು. ತೆಗೆದು ನೋಡಿದೆ. ತಿಳಿ ಹಳದಿ, ಕೆಂಪು, ಕಂದು ಬಣ್ಣದ ಹರಳುಗಳು, ಅಲ್ಲಲ್ಲಿ ತೊಗಟೆ ಹತ್ತಿದ್ದವು. ಒಣಗಿದ ಅಂಟು ಸುಲಭಕ್ಕೆ ಕೆಡುವುದಿಲ್ಲ. ಇದು ನಮ್ಮ ಎರೆ ಹೊಲಗಳ ಬದುವಿನಲ್ಲಿ ನಿಲ್ಲುವ ಜಾಲಿಮರದ ಅಂಟು. ತೊಗಟೆಗೆ ಗಾಯವಾದರೆ ಮರ ತನ್ನ ಗಾಯ ಮುಚ್ಚಲು ಒಸರುವ ರಸ ಇದು. ಜಗತ್ತಿನ ಪೇಟೆಯಲ್ಲಿ ಗಮ್ ಅರೇಬಿಕ್ ಅನ್ನುವುದು ಇದೇ ಜಾತಿಯ ಮರಗಳ ಅಂಟು. ಅದರ ದೊಡ್ಡ ಪಾಲು ಸುಡಾನಿನಿಂದ ಬರುತ್ತದೆ. 1997ರಲ್ಲಿ ಸುಡಾನಿನ ಮೇಲೆ ನಿರ್ಬಂಧ ಹಾಕಿದ ಅಮೆರಿಕ ಕೂಡ ಈ ಅಂಟಿಗೆ ವಿನಾಯಿತಿ ಕೊಡಬೇಕಾಯಿತು. ತಂಪು ಪಾನೀಯ, ಮಿಠಾಯಿಗಳಿಗೆ ಅದಿಲ್ಲದೆ ನಡೆಯುವುದಿಲ್ಲ. ತಿನಿಸಿನ ಪೊಟ್ಟಣದ ಮೇಲೆ 414 ಅಂತ ಬರೆದಿದ್ದರೆ ಅದು ಇದೇ. ಕಿರುಚಿತ್ರ ಬರೆಯುವವರು ಬಣ್ಣವನ್ನು ಕಾಗದಕ್ಕೆ ಹಿಡಿಸುತ್ತಿದ್ದದ್ದೂ ಇಂಥ ಅಂಟಿನಿಂದಲೇ. ನಾಯಕ ಅರಸರ ಕಾಲದ ಸುರಪುರದ ಚಿತ್ರಗಳ ಬಗ್ಗೆ ಶಾಲೆಯಲ್ಲಿ ಕೇಳಿದ್ದೆವು. ಅಂಟಿನ ಬಗ್ಗೆ ಯಾರೂ ಹೇಳಿರಲಿಲ್ಲ.

ಎಲ್ಲ ಅಂಟೂ ಇದಕ್ಕೆ ಆಗುವುದಿಲ್ಲ. ಬೇಸಿಗೆಯಲ್ಲಿ ತಂಪಿಗೆ ಕುಡಿಯುವ ಗೋಂದ್ ಕತೀರಾ ನೀರಿನಲ್ಲಿ ಉಬ್ಬಿ ಲೋಳೆಯಾಗುತ್ತದೆಯೇ ಹೊರತು ಕರಗುವುದಿಲ್ಲ. ಜಾಲಿ ಅಂಟು ಕರಗುತ್ತದೆ. ತೊಗಟೆಯಿಲ್ಲದ ತಿಳಿ ಹರಳುಗಳನ್ನು ಆರಿಸಿ ಕಲ್ಲಿನಲ್ಲಿ ಕುಟ್ಟಿದೆ. ಒಂದು ಚಮಚ ಪುಡಿಗೆ ಮೂರು ಚಮಚ ಉಗುರು ಬೆಚ್ಚಗಿನ ನೀರು ಹಾಕಿ ಮುಚ್ಚಿಟ್ಟೆ. ಸಂಜೆಯ ಹೊತ್ತಿಗೆ ಜೇನಿನಷ್ಟು ಮಂದವಾಗಿತ್ತು. ತೆಳು ಪಂಜೆ ಬಟ್ಟೆಯಲ್ಲಿ ಸೋಸಿದೆ. ಬಣ್ಣ ಮಾತ್ರ ತುಸು ಕಂದು. ಹಾಗಾಗಿ ಬಿಳಿ ಫಾಂಡಂಟಿನ ಅಂಚಿಗೆ ತಾಗದಂತೆ ನಡುವೆ ಮಾತ್ರ ಹಚ್ಚಬೇಕು. ಉಳಿದರೆ ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು.

ರಾತ್ರಿ ಊಟವಾದ ಮೇಲೆ ಕೂಸು ಮಾಡಲು ಕೂತೆ. ಅವ್ವ ಎದುರಿಗೆ ಕೂತಳು.

"ಗೌರಿ ಹುಣ್ಣಿವಿ ಸಕ್ಕರಿ ಆರತಿ ಇದ್ದಂಗ ಅದ," ಅಂದಳು. ಹೌದು, ನಮ್ಮ ಕಡೆ ಸಕ್ಕರೆ ಗೊಂಬೆ ಹೊಸದಲ್ಲ. ಕಟ್ಟಿಗೆಯ ಅಚ್ಚಿನ ಎರಡು ಹೋಳು ಕಟ್ಟಿ, ಒಳಗೆ ಕುದಿಯುವ ಸಕ್ಕರೆ ಪಾಕ ಸುರಿದರೆ ಆನೆ, ನವಿಲು, ತೇರು ಇಡಿಯಾಗಿಯೇ ಹೊರಬರುತ್ತವೆ. ಅಲ್ಲಿ ಅಂಟು ಬೇಡ. ಫಾಂಡಂಟ್ ಕೂಸಿನ ತಲೆ ಬೇರೆ, ಮೈ ಬೇರೆ, ಕೈಕಾಲು ಬೇರೆ. ಒಂದೊಂದನ್ನೂ ಮಾಡಿ ಸೇರಿಸಬೇಕು.

ಸೇರಿಸುವ ಎರಡೂ ಕಡೆ ಸೂಜಿಯಿಂದ ಸಣ್ಣಗೆ ಗೀರಿದೆ. ಒಂದೇ ಕಡೆ, ಕುಂಚದ ತುದಿಯಲ್ಲಿ ಅಂಟು ಮುಟ್ಟಿಸಿದೆ. ಬೆರಳಿಗೆ ಜಿಗುಟು ಅನ್ನಿಸುವ ತನಕ ಕಾದೆ. ಈ ಕಾಯುವುದನ್ನು ಹೋದ ಸಲ ಬಿಟ್ಟಿದ್ದೆ. ನಮ್ಮ ಒಣ ಬಿಸಿಲ ನಾಡಿನಲ್ಲಿ ಹೆಚ್ಚು ಕಾದರೂ ಅಂಟು ಒಣಗಿಬಿಡುತ್ತದೆ. ತಲೆ ನಿಲ್ಲಲು ಒಳಗೆ ಕಡ್ಡಿ ಬೇಕು. ಹಲ್ಲುಕಡ್ಡಿ ಹಾಕಿದರೆ ಮಕ್ಕಳ ಬಾಯಿಗೆ ಚುಚ್ಚುತ್ತದೆ. ಅವ್ವ ಎದ್ದು ಹೋಗಿ ಒಣ ಶಾವಿಗೆಯ ದಪ್ಪ ಎಳೆಗಳನ್ನು ಆರಿಸಿ ತಂದಳು. ಎರಡು ಎಳೆ ಒಟ್ಟಿಗೆ ಚುಚ್ಚಿ ತಲೆ ಕೂರಿಸಿದೆ. ನಿಂತಿತು.

ಕೂಸಿನ ಕಣ್ಣು ಮುಚ್ಚಿರಬೇಕಿತ್ತು. ಸಣ್ಣ ಗೆರೆ ಎಳೆಯಬೇಕು, ಅಷ್ಟೇ. ನನ್ನ ಕೈ ಆಡಲಿಲ್ಲ. ನಾನು ನೋಡಿದ್ದ ಮಗುವಿನ ಕಣ್ಣೂ ಮುಚ್ಚಿಯೇ ಇತ್ತು.

ಅವ್ವ ಕುಂಚ ಇಸಿದುಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, "ನಿನಗ ಆವತ್ತೇ ಮಾಡಿ ಕೊಡಬೇಕಿತ್ತು," ಅಂದಳು. "ಮಂದಿ ಏನಂತಾರ ಅಂತ ಬಿಟ್ಟೆ. ಹಂಗ ಬಿಡಬಾರದಿತ್ತು."

"ನನಗ ಹಾಲು ಬಂದಿತ್ತವ್ವ."

"ಗೊತ್ತವ್ವ. ನಿನ್ನ ಕುಪ್ಪಸ ಒಗದಾಕಿ ನಾನಲ್ಲೇನು?"

ನಾನು ಗೆರೆ ಎಳೆದೆ. ಒಂದು ಕಣ್ಣು ಸ್ವಲ್ಪ ಮೇಲಾಯಿತು. ಹಾಗೇ ಬಿಟ್ಟೆ.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೊರಟೆವು. ಫ್ರಿಜ್ಜಿನಿಂದ ತೆಗೆದ ಕೇಕನ್ನು ಡಬ್ಬಿ ಮುಚ್ಚಿದಂತೆಯೇ ಮನೆಯಲ್ಲಿ ಒಂದು ತಾಸು ಇಟ್ಟಿದ್ದೆ. ಬೆವರೆಲ್ಲ ಡಬ್ಬಿಯ ಹೊರಗೇ ಉಳಿಯಿತು. ಭೀಮಾ ದಾಟುವಾಗ ಮುಚ್ಚಳ ತುಸು ಎತ್ತಿ ನೋಡಿದೆ. ಎಲ್ಲವೂ ಇದ್ದಲ್ಲೇ ಇದ್ದವು. ಯಾದಗಿರಿಯಲ್ಲಿ ಆ ತಾಯಿ ಮಗಳನ್ನು ಎತ್ತಿ ಹಿಡಿದು ಕೇಕು ತೋರಿಸಿದಳು. ಮಗು ನೇರ ಸಕ್ಕರೆ ಕೂಸಿನ ಕಾಲಿಗೇ ಕೈ ಹಾಕಿ ಕಿತ್ತಿತು. ಕಾಲಿನ ಜೊತೆ ಒಂದು ತುಂಡು ಮೈಯೂ ಬಂತು. ಅಂಟು ಅಷ್ಟು ಚೆನ್ನಾಗಿ ಹಿಡಿದಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು. ಹೊಲದಿಂದ ಬಂದ ಅತ್ತಿ ಕೊಬ್ಬರಿ ಹೆರೆಯುತ್ತಿದ್ದರು. ಉಳಿದ ಅಂಟನ್ನು ಅವ್ವ ಚೂರು ಚೂರೇ ಬಿಸಿ ತುಪ್ಪಕ್ಕೆ ಬಿಡುತ್ತಿದ್ದಳು. ನೀರಿನಲ್ಲಿ ಕರಗಿ ಕಾಣದಂತಾಗುವ ಅದೇ ಹರಳು ತುಪ್ಪದಲ್ಲಿ ಅರಳಿನಂತೆ ಬೆಳ್ಳಗೆ ಉಬ್ಬುತ್ತದೆ. ಹದಿನಾಲ್ಕು ಉಂಡಿ ಆದವು. ಮೊದಲನೆಯದನ್ನು ಅತ್ತಿ ನನ್ನ ಕೈಗಿಟ್ಟರು. ಯಾರೂ ಏನೂ ಹೇಳಲಿಲ್ಲ. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಪೂರ್ತಿ ತಿಂದೆ.

ಟೈಲೋಸ್ ಪುಡಿ ಹೇಳಿದ ಹಾಗೆ ಮಂಗಳವಾರ ಬಂತು. ಅದಕ್ಕೆ ಬಣ್ಣವಿಲ್ಲ, ಸೋಸುವ ಕೆಲಸವಿಲ್ಲ. ಬಿಳಿ ಕೇಕಿಗೆಲ್ಲ ಈಗ ಅದನ್ನೇ ಬಳಸುತ್ತೇನೆ. ಅದೇನು ಅಂತ ಓದಿ ನೋಡಿದೆ. ಗಿಡಗಳ ನಾರನ್ನು ಕ್ಷಾರದಲ್ಲಿ ಹದಗೊಳಿಸಿ ಮಾಡುತ್ತಾರಂತೆ. ಮರದ ತಿರುಳಿನಿಂದಲೂ ಮಾಡುತ್ತಾರೆ, ಹತ್ತಿ ಬೀಜಕ್ಕೆ ಅಂಟಿ ಉಳಿಯುವ ಸಣ್ಣ ನಾರಿನಿಂದಲೂ ಮಾಡುತ್ತಾರೆ. ಹತ್ತಿಯೂ ನಮ್ಮ ಎರೆ ಹೊಲದ ಬೆಳೆಯೇ. ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಹೌದೇನು?" ಅಂದಳು. ಅವಳಿಗೆ ಅದರಲ್ಲಿ ದೊಡ್ಡ ಆಶ್ಚರ್ಯವೇನೂ ಕಾಣಲಿಲ್ಲ. "ಡಬ್ಬಿ ಖಾಲಿ ಇಡಬ್ಯಾಡ," ಅಂದಳು. "ಮುಂದಿನ ಸಲ ಬರೋ ಮುಂದ ಕಾಲು ಕಿಲೋ ತರ್ತೀನಿ."

ಕೇಕಿಗೋ ಉಂಡಿಗೋ ಅಂತ ನಾನು ಕೇಳಲಿಲ್ಲ.